ಹೂವಿನ ಮಡಿಗೆ ಇಟ್ಟಿಗೆಯ ಅಂಚು



ಅಂಚಿಲ್ಲದ ಸೀರೆಯನ್ನು ಅಂಗಡಿಯವನು ಎಷ್ಟು ಹೊಗಳಿದರೂ ನಮ್ಮ ಮನೆಯ ಹೆಂಗಸರು ಅದನ್ನು ಮಡಿಸಿ ಬದಿಗಿಡುವರು. ಇದು ಬರಿಯ ಅಲಂಕಾರದ ಮೋಹವೆಂದು ಗಂಡಸರು ನಗುವುದುಂಟು. ಆದರೆ ಅಂಚಿನ ಮೊದಲ ಕೆಲಸ ಅಲಂಕಾರವಲ್ಲ. ಬಟ್ಟೆಯ ಕೊನೆಯ ಎಳೆ ಬಿಚ್ಚಿಹೋಗದಂತೆ ಕಾಯುವುದು ಅದರ ಮೊದಲ ಕೆಲಸ. ಕಣ್ಣಿಗೆ ಚೆಲುವಾಗಿ ಕಾಣುವುದು ಎರಡನೆಯದು. ಮೊದಲನೆಯದನ್ನು ಮಾಡದೆ ಎರಡನೆಯದನ್ನು ಮಾತ್ರ ಮಾಡುವ ಅಂಚು ಎರಡು ಒಗೆತಕ್ಕೆ ಬಾಳುವುದಿಲ್ಲ. ಹೂವಿನ ಮಡಿಗಳ ಸುತ್ತ ನಾವು ಇಡುವ ಇಟ್ಟಿಗೆಯ ಅಂಚಿಗೂ ಇದೇ ಮಾತು ಸಲ್ಲುವುದೆಂಬುದನ್ನು ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

ವಿಷಯ ಅಲ್ಪವೆಂದು ತೋರಬಹುದು. ಇಟ್ಟಿಗೆಯನ್ನು ಯಾರು ನೋಡಿಲ್ಲ? ಹೂವಿನ ಮಡಿಯನ್ನು ಯಾರು ಕಂಡಿಲ್ಲ? ಆದರೆ ನಿತ್ಯವೂ ಕಾಣುವ ವಸ್ತುಗಳನ್ನೇ ನಾವು ಎಲ್ಲಕ್ಕಿಂತ ಕಡಮೆಯಾಗಿ ನೋಡುವುದು. ನಾನೂ ಹಾಗೆಯೇ ಇದ್ದವನು. ನನ್ನ ಕಣ್ಣನ್ನು ತೆರೆಯಿಸಿದ್ದು ಒಂದು ಮಳೆಗಾಲ.

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಮಲ್ಲಿಪಟ್ಟಣವೆಂಬ ಹೋಬಳಿಯ ಊರಿದೆ. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಸೆರಗಿನಲ್ಲಿರುವ ಸೀಮೆ ಅದು. ಪೂರ್ವದ ಚನ್ನರಾಯಪಟ್ಟಣದ ಕಡೆ ಮೋಡವನ್ನು ನೋಡಿ ನಿಟ್ಟುಸಿರಿಡುವ ದಿನಗಳಲ್ಲಿ ಇಲ್ಲಿ ಹಂಚಿನ ಮಾಡಿನಿಂದ ನೀರು ಸುರಿಯುತ್ತಿರುವುದು. ಅಲ್ಲಿಯ ನಮ್ಮ ಹಳೆಯ ಮನೆಯ ಅಂಗಳದಲ್ಲಿ, ಊರಿನ ಹೆಸರಿಗೆ ಒಪ್ಪುವಂತೆ, ಮಲ್ಲಿಗೆಯ ಎರಡು ಮಡಿಗಳನ್ನು ಮಾಡಬೇಕೆಂದು ನನಗೊಮ್ಮೆ ಆಸೆ ಹುಟ್ಟಿತು. ಪಟ್ಟಣದಲ್ಲಿ ಓದಿ ಬೆಳೆದವನ ಆಸೆಯಾದುದರಿಂದ, ಗಿಡ ತರುವ ಮೊದಲೇ ಅಂಚಿನ ಚಿತ್ರವನ್ನು ಕಾಗದದ ಮೇಲೆ ಬರೆದೆ. ಹೊಸ ಇಟ್ಟಿಗೆಗಳನ್ನು ಗಾಡಿಯಲ್ಲಿ ತರಿಸಿದೆ. ಎಲ್ಲವೂ ಒಂದೇ ಬಣ್ಣ, ಎಲ್ಲವೂ ನುಣುಪು. ಎಳೆಯ ಕಿತ್ತಳೆಯಂತೆ ಹೊಳೆಯುತ್ತಿದ್ದುವು. ವೈಶಾಖದಲ್ಲಿ ಅಂಚನ್ನು ಕಟ್ಟಿ, ಬಂದವರಿಗೆಲ್ಲ ತೋರಿಸಿ ಸಂತೋಷಪಟ್ಟೆ. ಶ್ರಾವಣದಲ್ಲಿ ಮರಳಿ ಹೋಗಿ ನೋಡಿದರೆ ಅಂಚೂ ಇಲ್ಲ, ಮಡಿಯೂ ಇಲ್ಲ. ಇಟ್ಟಿಗೆಗಳು ನೀರಿನಲ್ಲಿ ನೆನೆದ ರೊಟ್ಟಿಯಂತೆ ಕರಗಿ ಕುಸಿದಿದ್ದುವು. ಅವುಗಳ ಹಿಂದಿನ ಗೊಬ್ಬರದ ಮಣ್ಣು ಅಂಗಳವನ್ನು ದಾಟಿ ಬೀದಿಯ ಚರಂಡಿಯನ್ನು ಸೇರಿತ್ತು. ಮಲ್ಲಿಗೆಯ ಬೇರುಗಳು ಗಾಳಿಗೆ ಒಡ್ಡಿಕೊಂಡಿದ್ದುವು.

ನೆರೆಮನೆಯ ಮುದುಕರೊಬ್ಬರು, ಜೀವಮಾನವೆಲ್ಲ ಗಾರೆಯ ಕೆಲಸ ಮಾಡಿದವರು, ಇದನ್ನು ನೋಡಿ ನಕ್ಕರು. ನಾನು ಇಟ್ಟಿಗೆಯನ್ನು ಕಣ್ಣಿನಿಂದ ಕೊಂಡೆನೆಂದೂ, ಅದನ್ನು ಕಿವಿಯಿಂದ ಕೊಳ್ಳಬೇಕಾಗಿತ್ತೆಂದೂ ಹೇಳಿದರು. ಈ ಮಾತಿನ ಅರ್ಥವನ್ನು ತಿಳಿಯುವುದಕ್ಕೆ ನನಗೆ ಸ್ವಲ್ಪ ಕಾಲ ಹಿಡಿಯಿತು.

ಇಟ್ಟಿಗೆಯೆಂಬುದು ಬೆಂದ ಮಣ್ಣು. ಬಿಸಿಲಿನಲ್ಲಿ ಒಣಗಿದ ಹಸಿಯ ಇಟ್ಟಿಗೆಯನ್ನು ನೀರಿಗೆ ಹಾಕಿದರೆ ಮತ್ತೆ ಮಣ್ಣಾಗುವುದು. ಗೂಡಿನಲ್ಲಿ ಸುಮಾರು 900ರಿಂದ 1000 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾವು ಏರಿದಾಗ ಜೇಡಿಯ ಕಣಗಳು ಒಂದನ್ನೊಂದು ಬೆಸೆದುಕೊಳ್ಳುವುವು. ಆಮೇಲೆ ಅದು ನೀರಿಗೆ ಹೆದರುವುದಿಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಅಂಶವೇ ಆ ಕೆಂಪು ಬಣ್ಣಕ್ಕೆ ಕಾರಣ. ನಮ್ಮ ಹಳ್ಳಿಗಳ ಗೂಡಿನಲ್ಲಿ ಕಾವು ಎಲ್ಲೆಡೆಯೂ ಸಮನಾಗಿರುವುದಿಲ್ಲ. ನಡುವಿನ ಇಟ್ಟಿಗೆ ಚೆನ್ನಾಗಿ ಬೇಯುವುದು. ಹೊರಮೈಯ ಸಾಲುಗಳು ಅರೆಬೆಂದು ಉಳಿಯುವುವು. ಬೆಂಕಿಯ ಬಾಯಿಗೆ ಹತ್ತಿರವಿದ್ದುವು ಸೀದು, ಕಪ್ಪಾಗಿ, ಸೊಟ್ಟಗಾಗುವುವು. ನಾನು ಮೆಚ್ಚಿ ತಂದುವು ಹೊರಮೈಯವು. ಮನೆಯ ಗೋಡೆಗೆ ಬೇಡವೆಂದು ಕಟ್ಟುವವರು ಬಿಸುಡುವ ಕಪ್ಪು ಇಟ್ಟಿಗೆಯೇ ನೆಲದಲ್ಲಿ ಹೂಳುವುದಕ್ಕೆ ಎಲ್ಲಕ್ಕಿಂತ ಉತ್ತಮವೆಂಬುದು ನನಗೆ ಆಗ ತಿಳಿದಿರಲಿಲ್ಲ.

ಆದುದರಿಂದ ಪರೀಕ್ಷೆ ಹೀಗೆ. ಎರಡು ಇಟ್ಟಿಗೆಗಳನ್ನು ಕೈಯಲ್ಲಿ ಹಿಡಿದು ಒಂದಕ್ಕೊಂದು ತಟ್ಟಬೇಕು. ಕಂಚಿನ ತಟ್ಟೆಯಂತೆ ಠಣ್ಣೆಂದರೆ ಅದು ಬೆಂದದ್ದು. ಮರದ ಹಲಗೆಯಂತೆ ಮಂಕಾಗಿ ಸದ್ದಾದರೆ ಅರೆಬೆಂದದ್ದು. ಉಗುರಿನಿಂದ ಗೀಚಿದರೆ ಗೆರೆ ಬೀಳಬಾರದು. ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟರೆ ಒಡೆಯಬಾರದು. ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು ತೂಗಿದರೆ, ಒಣಗಿದಾಗಿನ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ನೀರನ್ನು ಕುಡಿದಿರಬಾರದು. ಒಡೆದ ಇಟ್ಟಿಗೆಯ ಒಳಗೆ ಬಿಳಿಯ ಸುಣ್ಣದ ಹರಳು ಕಂಡರೆ ಅಂಥದನ್ನು ಬಿಡತಕ್ಕದ್ದು. ಆ ಹರಳು ನೀರನ್ನು ಕುಡಿದು ಉಬ್ಬಿ ಇಟ್ಟಿಗೆಯನ್ನು ಒಳಗಿನಿಂದಲೇ ಸಿಡಿಸುವುದು.

ಇಟ್ಟಿಗೆ ಸರಿಯಾಯಿತು, ಇನ್ನು ವಿನ್ಯಾಸದ ಮಾತು. ಇಟ್ಟಿಗೆಯ ಎಲ್ಲ ಚೆಲುವೂ ಅದರ ಪ್ರಮಾಣದಲ್ಲಿ ಅಡಗಿದೆ. ಸಿಂಧೂ ಕಣಿವೆಯ ಹರಪ್ಪ, ಮೊಹೆಂಜೊದಾರೊ ನಗರಗಳಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಬೇಯಿಸಿದ ಇಟ್ಟಿಗೆಗಳನ್ನು ಅಳೆದವರು, ಅವುಗಳ ದಪ್ಪ, ಅಗಲ, ಉದ್ದಗಳು ಒಂದು, ಎರಡು, ನಾಲ್ಕರ ಪ್ರಮಾಣದಲ್ಲಿರುವುವೆಂದು ಕಂಡುಕೊಂಡಿದ್ದಾರೆ. ನಮ್ಮ ಒಂಬತ್ತು ಅಂಗುಲದ ಇಟ್ಟಿಗೆ ನಾಲ್ಕೂವರೆ ಅಂಗುಲ ಅಗಲ, ಮೂರು ಅಂಗುಲ ದಪ್ಪವಿರುವುದು. ಅಂದರೆ ಎರಡು ಅಗಲ ಸೇರಿದರೆ ಒಂದು ಉದ್ದ. ಮೂರು ದಪ್ಪ ಸೇರಿದರೂ ಒಂದು ಉದ್ದ. ಈ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಯಾವ ವಿನ್ಯಾಸದ ಪುಸ್ತಕವೂ ಬೇಕಾಗುವುದಿಲ್ಲ.

ಮುಖ್ಯವಾದ ನಾಲ್ಕು ಬಗೆಗಳನ್ನು ಹೇಳುವೆನು. ಮೊದಲನೆಯದು ಒಂಟಿ ಸಾಲು. ಇಟ್ಟಿಗೆಯನ್ನು ಮಗ್ಗುಲಾಗಿ, ಉದ್ದಕ್ಕೆ ನಿಲ್ಲಿಸಿ, ಎರಡು ಅಂಗುಲ ಹೂತು, ಎರಡೂವರೆ ಅಂಗುಲ ಮೇಲೆ ಬಿಡುವುದು. ಎರಡನೆಯದು ಗರಗಸದ ಹಲ್ಲು. ಇದನ್ನು ತಾವೆಲ್ಲರೂ ಶಾಲೆಯ ಅಂಗಳದಲ್ಲಿ, ರೈಲು ನಿಲ್ದಾಣದಲ್ಲಿ, ಪ್ರವಾಸಿ ಮಂದಿರದ ಮುಂದೆ ನೋಡಿದ್ದೀರಿ: ಪ್ರತಿಯೊಂದು ಇಟ್ಟಿಗೆಯೂ ಓರೆಯಾಗಿ ತನ್ನ ನೆರೆಯದರ ಮೇಲೆ ಒರಗಿ, ಅರ್ಧ ನೆಲದೊಳಗೆ ಹೂತು, ಮೇಲ್ಮೂಲೆಗಳು ಸಾಲಾಗಿ ಮೊನಚಾಗಿ ಕಾಣುವುವು. ಮೂರನೆಯದು ಸಿಪಾಯಿ ಸಾಲು. ಇಟ್ಟಿಗೆಗಳು ಭುಜಕ್ಕೆ ಭುಜ ತಗುಲಿಸಿ ನೆಟ್ಟಗೆ ನಿಲ್ಲುವುವು. ದುಂಡು ಮಡಿಗೂ ಬಳುಕು ಮಡಿಗೂ ಇದೇ ಒಪ್ಪುವುದು. ಉದ್ದುದ್ದದ ಇಟ್ಟಿಗೆಯನ್ನು ದುಂಡಕ್ಕೆ ಹಾಕಿದರೆ ವೃತ್ತವು ಮೂಲೆಮೂಲೆಯಾಗಿ ಮುರಿದಂತೆ ಕಾಣುವುದು. ನಾಲ್ಕನೆಯದು ನೆಲಕ್ಕೆ ಹಾಸುವ ಹೆಣಿಗೆ. ಇದರಲ್ಲಿ ಎರಡು ವಿಧ. ಎರಡು ಇಟ್ಟಿಗೆ ಅಡ್ಡ, ಎರಡು ಉದ್ದ ಎಂದು ಚೌಕಚೌಕವಾಗಿ ಹಾಕಿದರೆ ಬುಟ್ಟಿಯ ಹೆಣಿಗೆ. ಒಂದರ ತುದಿಗೆ ಇನ್ನೊಂದರ ಮಗ್ಗುಲು ತಾಗುವಂತೆ ಓರೆಯೋರೆಯಾಗಿ ಹಾಕಿದರೆ ಮೀನಿನ ಮುಳ್ಳಿನ ಹೆಣಿಗೆ.

ಈ ವಿನ್ಯಾಸಗಳಾವುವೂ ಅಲಂಕಾರಕ್ಕಾಗಿ ಹುಟ್ಟಿದುವಲ್ಲವೆಂಬುದು ಗಮನಿಸತಕ್ಕ ಸಂಗತಿ. ಇಟಲಿಯ ಫ್ಲಾರೆನ್ಸ್ ನಗರದ ಮಹಾದೇವಾಲಯಕ್ಕೆ 1420ರಿಂದ 1436ರವರೆಗೆ ಬ್ರೂನೆಲ್ಲೆಸ್ಕಿ ಎಂಬ ಶಿಲ್ಪಿ ಭಾರಿಯ ಗುಮ್ಮಟವನ್ನು ಕಟ್ಟಿದನು. ನೆಲದಿಂದ ಮರದ ಆಸರೆಯನ್ನು ಕೊಡದೆಯೇ ಅದನ್ನು ಮೇಲಕ್ಕೆ ಎಬ್ಬಿಸಬೇಕಾಗಿತ್ತು. ಒಳಕ್ಕೆ ಬಾಗಿದ ಗೋಡೆಯಲ್ಲಿ, ಗಾರೆ ಒಣಗುವ ಮೊದಲೇ ಇಟ್ಟಿಗೆ ಜಾರಿ ಬೀಳದಂತೆ, ಅವನು ನಡುನಡುವೆ ಇಟ್ಟಿಗೆಗಳನ್ನು ನೆಟ್ಟಗೆ ನಿಲ್ಲಿಸಿ ಮೀನಿನ ಮುಳ್ಳಿನಂತೆ ಹೆಣೆಯುತ್ತ ಹೋದನು. ನಾವು ಇಂದು ಸೊಗಸೆಂದು ನೋಡುವುದು ಅವನಿಗೆ ಭಾರವನ್ನು ಹಿಡಿಯುವ ಉಪಾಯವಾಗಿತ್ತು. ನಮ್ಮ ಶಾಲೆಯಂಗಳದ ಗರಗಸದ ಹಲ್ಲೂ ಹಾಗೆಯೇ. ಗಾರೆಯಿಲ್ಲದೆ, ಮೇಸ್ತ್ರಿಯಿಲ್ಲದೆ, ಹತ್ತು ವರ್ಷದ ಹುಡುಗನ ಕೈಯಿಂದಲೂ ಇಟ್ಟಿಗೆ ನಿಲ್ಲಬೇಕಾದರೆ ಒಂದರ ಮೇಲೊಂದು ಒರಗುವುದೇ ಸುಲಭವಾದ ಮಾರ್ಗ. ಸಾಲಿನ ಕಡೆಯ ಇಟ್ಟಿಗೆಗೆ ಮಾತ್ರ ಬಲವಾದ ಕಲ್ಲೊಂದರ ಆಸರೆ ಬೇಕು. ಅದು ಸಡಿಲವಾದರೆ ಸಾಲೆಲ್ಲ ಮಲಗುವುದು.

ಹಾಗಾದರೆ ಈ ನಾಲ್ಕರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಕಣ್ಣಿಗೆ ಯಾವುದು ಚೆನ್ನ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಬೇಕೆಂದು ನನ್ನ ಬಿನ್ನಹ. ಇಟ್ಟಿಗೆ ಎಲ್ಲಿಂದ ಬಂದಿತು?

ಗೂಡಿಗೆ ಮಣ್ಣು ಬರುವುದು ಕೆರೆಯ ಹೂಳಿನಿಂದ, ಇಲ್ಲವೆ ಹೊಲಗದ್ದೆಗಳ ಮೇಲ್ಪದರದಿಂದ. ಕೆರೆಯ ಹೂಳನ್ನು ತೆಗೆದರೆ ಕೆರೆಗೂ ಉಪಕಾರ. ಹೊಲದ ಮೇಲ್ಮಣ್ಣನ್ನು ತೆಗೆದರೆ ಹಾಗಲ್ಲ. ಒಂದು ಅಂಗುಲ ಮೇಲ್ಮಣ್ಣು ತಾನಾಗಿ ಉಂಟಾಗುವುದಕ್ಕೆ ನೂರಾರು ವರ್ಷ ಬೇಕು. ಅದನ್ನು ತೆಗೆಯುವುದಕ್ಕೆ ಒಂದು ದಿನ ಸಾಕು. ಈಗ ಲೆಕ್ಕ ಹಾಕೋಣ. ನಮ್ಮ ಅಳತೆಯ ಸಾವಿರ ಇಟ್ಟಿಗೆಗಳ ಗಾತ್ರ ಸುಮಾರು 70 ಘನ ಅಡಿ. ಅಂದರೆ ಹತ್ತು ಅಡಿ ಉದ್ದ, ಏಳು ಅಡಿ ಅಗಲದ ಒಂದು ಮಡಿಯನ್ನು ಒಂದು ಅಡಿ ಆಳಕ್ಕೆ ಪೂರ್ತಿಯಾಗಿ ಅಗೆದು ತೆಗೆದಷ್ಟು ಮಣ್ಣು. ಒಣಗುವಾಗಲೂ ಬೇಯುವಾಗಲೂ ಇಟ್ಟಿಗೆ ಕುಗ್ಗುವುದರಿಂದ, ನಿಜವಾಗಿ ಬೇಕಾಗುವ ಮಣ್ಣು ಇದಕ್ಕಿಂತ ಹೆಚ್ಚೇ ಹೊರತು ಕಡಮೆಯಲ್ಲ.

ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಸಾಮಾನ್ಯವಾದ ಹೂವಿನ ಮಡಿಯೊಂದನ್ನು ತೆಗೆದುಕೊಳ್ಳಿರಿ. ಒಂದು ಅಡಿ ಆಳದವರೆಗೆ ಅದರಲ್ಲಿ 40 ಘನ ಅಡಿ ಮಣ್ಣುಂಟು. ಸುತ್ತಳತೆ 28 ಅಡಿ. ಒಂಟಿ ಸಾಲಿಗೆ ಸುಮಾರು 38 ಇಟ್ಟಿಗೆ ಸಾಕು. ಅದರ ಮಣ್ಣು ಮೂರು ಘನ ಅಡಿಯೂ ಆಗದು. ಗರಗಸದ ಹಲ್ಲಿಗೆ ಸುಮಾರು 80 ಇಟ್ಟಿಗೆ. ಐದೂವರೆ ಘನ ಅಡಿ ಮಣ್ಣು. ಕಿರಿಯ ಮೈಯನ್ನು ಹೊರಕ್ಕೆ ಮಾಡಿದ ಸಿಪಾಯಿ ಸಾಲಿಗೆ 112 ಇಟ್ಟಿಗೆ. ಹೆಚ್ಚುಕಡಮೆ ಎಂಟು ಘನ ಅಡಿ. ಸುತ್ತಲೂ ಒಂದೂವರೆ ಅಡಿ ಅಗಲ ಮೀನಿನ ಮುಳ್ಳಿನ ಹೆಣಿಗೆಯನ್ನು ಹಾಸಿದರೆ 180 ಇಟ್ಟಿಗೆಯನ್ನು ಮೀರುವುದು. ಹದಿಮೂರು ಘನ ಅಡಿಯ ಹತ್ತಿರ. ಹೀಗೆ, ನಮ್ಮ ಮಡಿಯ ಮಣ್ಣಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಮಣ್ಣನ್ನು ಇನ್ನೊಬ್ಬರ ಹೊಲದಿಂದ ತೆಗೆದು, ಸೌದೆ ಹಾಕಿ ಸುಟ್ಟು, ನಮ್ಮ ಮಲ್ಲಿಗೆಯ ಸುತ್ತ ಇಟ್ಟಂತಾಯಿತು.

ಇದನ್ನು ಹೇಳಿ ತಮ್ಮ ಸಂತೋಷವನ್ನು ಕೆಡಿಸುವುದು ನನ್ನ ಉದ್ದೇಶವಲ್ಲ. ಅಂಚು ಬೇಕು. ಮಲ್ಲಿಪಟ್ಟಣದಂಥ ಮಳೆಯ ಊರಿನಲ್ಲಿ ಅಂಚಿಲ್ಲದ ಮಡಿ ಎರಡು ವರ್ಷದಲ್ಲಿ ತನ್ನ ಮಣ್ಣನ್ನೆಲ್ಲ ಕಳೆದುಕೊಳ್ಳುವುದು. ಮಣ್ಣನ್ನು ಕಾಯುವುದಕ್ಕೆ ಸ್ವಲ್ಪ ಮಣ್ಣನ್ನು ಸುಡುವುದು ನ್ಯಾಯವೇ. ಆದರೆ ಕಾವಲುಗಾರನ ಸಂಬಳ ಮನೆಯ ಆಸ್ತಿಯನ್ನು ಮೀರಬಾರದಷ್ಟೆ.

ಇದಕ್ಕೆ ದಾರಿಗಳುಂಟು. ಮೊದಲನೆಯದು, ಹಳೆಯ ಇಟ್ಟಿಗೆ. ಅರಕಲಗೂಡಿನ ಸೀಮೆಯಲ್ಲಿ ಹೊಗೆಸೊಪ್ಪನ್ನು ಬೆಳೆಯುವರು. ಸೊಪ್ಪನ್ನು ಹದಮಾಡುವ ಎತ್ತರದ ಇಟ್ಟಿಗೆಯ ಬ್ಯಾರನ್ನುಗಳನ್ನು ದಾರಿಹೋಕರೂ ನೋಡಬಹುದು. ಅಂಥದೊಂದನ್ನೋ ಹಳೆಯ ಮನೆಯೊಂದನ್ನೋ ಕೆಡವಿದಾಗ ಸಿಕ್ಕುವ ಇಟ್ಟಿಗೆ ಬಿಸಿಲುಮಳೆಗಳ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು. ಎರಡನೆಯದು, ಗೂಡಿನವರು ಬದಿಗೆ ಹಾಕಿದ ಸೀದ ಇಟ್ಟಿಗೆ. ಮೂರನೆಯದು, ಮೂಲೆ ಮುರಿದದ್ದು. ಗರಗಸದ ಹಲ್ಲಿನಲ್ಲಿಯೂ ಸಿಪಾಯಿ ಸಾಲಿನಲ್ಲಿಯೂ ಇಟ್ಟಿಗೆಯ ಒಂದು ತುದಿ ಹೇಗೂ ನೆಲದೊಳಗೆ ಇರುವುದು. ಮುರಿದ ತುದಿಯನ್ನು ಕೆಳಗೆ ಮಾಡಿದರೆ ಯಾರೂ ಕಾಣರು. ನನ್ನ ಎರಡನೆಯ ಅಂಚನ್ನು ನಾನು ಈ ಮೂರು ಬಗೆಯ ಇಟ್ಟಿಗೆಗಳಿಂದಲೇ ಕಟ್ಟಿದೆನು. ಬಣ್ಣ ಒಂದೇ ಬಗೆಯಾಗಿಲ್ಲ. ಕೆಂಪು, ಕಂದು, ಕಪ್ಪು ಬೆರೆತಿವೆ. ಮೊದಲು ಸ್ವಲ್ಪ ನಾಚಿಕೆಯಾಯಿತು. ಒಂದು ಮಳೆಗಾಲ ಕಳೆದು, ಸಂದುಗಳಲ್ಲಿ ಹಸುರು ಪಾಚಿ ಹಿಡಿದಮೇಲೆ, ನನ್ನ ಮೊದಲಿನ ಕಿತ್ತಳೆಯ ಅಂಚಿಗಿಂತ ಇದು ನೂರು ಪಾಲು ಮೇಲೆಂದು ತೋರಿತು.

ಹೆಣಿಗೆಯನ್ನು ಬಿಡಬೇಕೆ? ಬಿಡಬೇಕಾಗಿಲ್ಲ, ಅದಕ್ಕೆ ತಕ್ಕ ಸ್ಥಳವನ್ನು ಕೊಡಬೇಕು. ಹೆಣಿಗೆ ಕಾಲಿಗಾಗಿ ಹುಟ್ಟಿದ್ದು. ಎರಡು ಮಡಿಗಳ ನಡುವೆ ನಿಂತು ಹೂವು ಕೊಯ್ಯುವ ಕಡೆ, ತುಲಸಿಯ ಕಟ್ಟೆಯ ಸುತ್ತ, ಸಂಜೆಯಲ್ಲಿ ಕುಳಿತುಕೊಳ್ಳುವ ಜಗಲಿಯ ಮುಂದೆ ನಾಲ್ಕು ಮೊಳದಷ್ಟು ಬುಟ್ಟಿಯ ಹೆಣಿಗೆ ಇದ್ದರೆ ಕಾಲಿಗೆ ಕೆಸರು ತಾಗದು, ಕಣ್ಣಿಗೂ ಹಬ್ಬ. ಅದೇ ಹೆಣಿಗೆಯನ್ನು ತೋಟದ ತುಂಬ ಹರಡಿದರೆ, ಗಿಡ ಚಿಕ್ಕದಾಗಿ ಇಟ್ಟಿಗೆ ದೊಡ್ಡದಾಗುವುದು. ಒಂದು ಅಂಗಳಕ್ಕೆ ಒಂದೇ ಬಗೆಯ ಅಂಚು ಸಾಕು. ಇದನ್ನು ಹಳೆಯಬೀಡಿನಲ್ಲಿ ಕಲಿಯಬಹುದು. ನಮ್ಮ ಜಿಲ್ಲೆಯ ಆ ಹೊಯ್ಸಳೇಶ್ವರ ದೇವಾಲಯದ ತಳಭಾಗದಲ್ಲಿ ಹನ್ನೆರಡನೆಯ ಶತಮಾನದ ಶಿಲ್ಪಿಗಳು ಪಟ್ಟಿಕೆಗಳನ್ನು ಕೆತ್ತಿದ್ದಾರೆ: ಎಲ್ಲಕ್ಕಿಂತ ಕೆಳಗೆ ಆನೆಗಳು, ಅದರ ಮೇಲೆ ಸಿಂಹಗಳು, ಆಮೇಲೆ ಬಳ್ಳಿ, ಆಮೇಲೆ ಕುದುರೆಯ ಸವಾರರು. ಆನೆಗಳ ಸಾಲಿನಲ್ಲಿ ನಡುವೆ ಕುದುರೆ ನುಗ್ಗುವುದಿಲ್ಲ. ಸಾಲು ಮುಗಿಯುವವರೆಗೆ ಆನೆಯೇ. ಪ್ರತಿಯೊಂದು ಆನೆಯೂ ಬೇರೆ ಬೇರೆಯಾದ ಭಂಗಿಯಲ್ಲಿದ್ದರೂ ಸಾಲು ಮಾತ್ರ ಒಂದೇ. ಭಾರವನ್ನು ಹೊರುವ ಜಾಗದಲ್ಲಿ ಆನೆಯನ್ನೇ ಇಟ್ಟ ಔಚಿತ್ಯವನ್ನೂ ನೋಡಿರಿ. ಚಿಕ್ಕದೊಂದನ್ನು ತಾಳ್ಮೆಯಿಂದ ಮತ್ತೆ ಮತ್ತೆ ಇಡುವುದರಿಂದಲೇ ಅಂಚಿಗೆ ಗಾಂಭೀರ್ಯ ಬರುವುದು.

ಇಡುವ ಕ್ರಮವನ್ನು ಸಂಗ್ರಹವಾಗಿ ಹೇಳುವೆನು. ಮೊದಲು ಗೂಟ ನೆಟ್ಟು ದಾರ ಕಟ್ಟತಕ್ಕದ್ದು. ಮೂಲೆ ಸರಿಯಾಗಬೇಕಾದರೆ ಒಂದು ದಾರದಲ್ಲಿ ಮೂರು ಅಡಿ, ಇನ್ನೊಂದರಲ್ಲಿ ನಾಲ್ಕು ಅಡಿ ಗುರುತು ಮಾಡಿ, ಆ ಗುರುತುಗಳ ನಡುವಣ ಅಂತರ ಸರಿಯಾಗಿ ಐದು ಅಡಿಯಾಗುವಂತೆ ತಿರುಗಿಸಬೇಕು. ಯಜ್ಞವೇದಿಗಾಗಿ ಇಟ್ಟಿಗೆಯನ್ನು ಅಳೆದ ಶುಲ್ಬಸೂತ್ರದವರಿಗೂ ಹಗ್ಗವೇ ಸಾಧನವಾಗಿತ್ತು. ದುಂಡು ಮಡಿಗೆ ಒಂದು ಗೂಟ, ಒಂದು ದಾರ. ಮೊಟ್ಟೆಯಾಕಾರದ ಮಡಿಗೆ ಎರಡು ಗೂಟ. ಅವುಗಳ ಸುತ್ತ ಸಡಿಲವಾದ ದಾರದ ಕುಣಿಕೆ ಹಾಕಿ, ಕಡ್ಡಿಯಿಂದ ಅದನ್ನು ಬಿಗಿಯಾಗಿ ಎಳೆದು ಸುತ್ತಿದರೆ ಗೆರೆ ತಾನಾಗಿ ಮೂಡುವುದು. ಗೆರೆಯ ಮೇಲೆ ಕಾಲುವೆಯನ್ನು ತೋಡಿ, ತಳವನ್ನು ದಿಮ್ಮಿಸಿನಿಂದ ಬಡಿದು, ಎರಡು ಅಂಗುಲ ಮರಳು ಹಾಸಿ, ಅದರ ಮೇಲೆ ಇಟ್ಟಿಗೆ ಇಡಬೇಕು. ಎರಡು ಬದಿಯಿಂದಲೂ ಮಣ್ಣನ್ನು ಕೂಡಿಸಿ ತುಳಿಯಬೇಕು.

ಸಿಮೆಂಟಿನ ಗಾರೆಯನ್ನು ಹಾಕಬೇಕೆಂದು ಕೆಲವರು ಸಲಹೆ ಕೊಡುವರು. ನಾನು ಬೇಡವೆನ್ನುವೆನು. ಗಾರೆ ಹಾಕಿದ ಅಂಚು ಮಳೆಗಾಲದಲ್ಲಿ ಒಡ್ಡಾಗಿ ನೀರನ್ನು ತಡೆದು ಮಲ್ಲಿಗೆಯ ಬೇರನ್ನು ಕೊಳೆಯಿಸುವುದು. ಬರಿಯ ಮರಳಿನ ಮೇಲೆ ಕುಳಿತ ಅಂಚಿನ ಸಂದುಗಳಲ್ಲಿ ನೀರು ಸೋರಿ ಹೋಗುವುದು, ಮಣ್ಣು ಮಾತ್ರ ಉಳಿಯುವುದು. ಗಿಡ ದೊಡ್ಡದಾಗಿ ಮಡಿಯನ್ನು ಹಿಗ್ಗಿಸಬೇಕಾದರೆ ಇಟ್ಟಿಗೆಯನ್ನು ಕಿತ್ತು ಮತ್ತೆ ಇಡಬಹುದು, ಒಂದೂ ಕೆಡುವುದಿಲ್ಲ. ನಮ್ಮ ಮೊಮ್ಮಕ್ಕಳಿಗೆ ಬೇರೆ ಆಕಾರದ ಮಡಿ ಬೇಕೆನಿಸಿದರೂ ಅವರು ಹೊಸ ಗೂಡಿಗೆ ಹೋಗಬೇಕಾಗಿಲ್ಲ.

ಕಡೆಯದಾಗಿ ಬಣ್ಣದ ಮಾತು. ಕೆಮ್ಮಣ್ಣು ಸುಣ್ಣಗಳನ್ನು ಒಂದು ಬಿಟ್ಟು ಒಂದಕ್ಕೆ ಬಳಿಯುವ ರೂಢಿ ನಮ್ಮಲ್ಲಿ ಎಲ್ಲೆಡೆಯೂ ಉಂಟು. ಚೆನ್ನಾಗಿ ಬೆಂದ ಇಟ್ಟಿಗೆಗೆ ಬಣ್ಣ ಬೇಕಾಗಿಲ್ಲ. ಅರೆಬೆಂದದ್ದನ್ನು ಬಣ್ಣ ಉಳಿಸುವುದೂ ಇಲ್ಲ. ಮನೆಯ ತೋಟದಲ್ಲಿ ನಾನು ಅದನ್ನು ಬಿಟ್ಟಿದ್ದೇನೆ. ಆದರೆ ಶಾಲೆಯ ಅಂಗಳದಲ್ಲಿ ಅದನ್ನು ಹಾಸ್ಯಮಾಡಲಾರೆನು. ಆಗಸ್ಟ್ 15ರ ಹಿಂದಿನ ದಿನ ಹುಡುಗರು ಸಾಲಾಗಿ ಕುಳಿತು, ಮೂಗಿಗೂ ಅಂಗಿಗೂ ಸುಣ್ಣ ಮಾಡಿಕೊಂಡು, ಇಟ್ಟಿಗೆಗೆ ಬಣ್ಣ ಬಳಿಯುವುದನ್ನು ಕಂಡವರು ಅದು ಅಲಂಕಾರಕ್ಕಿಂತ ದೊಡ್ಡ ಪಾಠವೆಂದು ಒಪ್ಪುವರು. ಈ ಅಂಗಳ ನಮ್ಮದು, ಇದರ ಎಲ್ಲೆ ಇಲ್ಲಿಯವರೆಗೆ, ಇದರೊಳಗಿನ ಗಿಡವನ್ನು ತುಳಿಯಬಾರದು ಎಂಬ ತಿಳಿವಳಿಕೆ ಆ ಬಣ್ಣದೊಡನೆ ಅವರ ಕೈಗೆ ಅಂಟುವುದು.

ಶ್ರೋತೃಗಳೇ, ಈ ವರ್ಷ ತಮ್ಮ ಮನೆಯ ಮುಂದೆ ಒಂದು ಮಡಿಯನ್ನು ಮಾಡುವಿರಾದರೆ, ಇಟ್ಟಿಗೆಯನ್ನು ತರುವ ಮೊದಲು ಮಣ್ಣನ್ನು ನೋಡಿರಿ. ಇಟ್ಟಿಗೆಯನ್ನು ನೋಡುವ ಮೊದಲು ತಟ್ಟಿ ಕೇಳಿರಿ. ಹೊಸದನ್ನು ಕೊಳ್ಳುವ ಮೊದಲು ಹಿತ್ತಲಿನ ಮೂಲೆಯಲ್ಲಿ ಹಳೆಯದು ಬಿದ್ದಿದೆಯೇ ಎಂದು ಹುಡುಕಿರಿ. ಮಲ್ಲಿಪಟ್ಟಣದ ನನ್ನ ಅಂಗಳದಲ್ಲಿ ಆ ಕಪ್ಪುಗೆಂಪು ಹಲ್ಲುಗಳ ಸಾಲು ಹಲವು ಮಳೆಗಾಲಗಳನ್ನು ಕಂಡಿದೆ. ಮಲ್ಲಿಗೆ ಅದರ ಮೇಲೆ ಬಾಗಿ, ಈಗ ಅಂಚೇ ಸರಿಯಾಗಿ ಕಾಣುವುದಿಲ್ಲ. ಬೀದಿಯ ಚರಂಡಿಯಲ್ಲಿ ಮಾತ್ರ ನನ್ನ ಮಡಿಯ ಮಣ್ಣು ಕಾಣುವುದು ನಿಂತುಹೋಗಿದೆ.